ದೊಡ್ಡಯ್ಯ ಬಂದವ್ನೆ

ನಾನು ನನ್ನ ಅವ್ವನ ಮೇಲೆ ಯಾವತ್ತೂ ಕೈ ಮಾಡಲಿಲ್ಲ. ಅವಳನ್ನು ಕಟ್ಟಿ ಹಾಕಲಿಲ್ಲ, ಕೋಣೆಗೆ ಬೀಗ ಜಡಿಯಲಿಲ್ಲ, ಊಟ ಇಲ್ಲ ಅನ್ನಲಿಲ್ಲ. ಬಹಳ ವರ್ಷ ಇದನ್ನೇ ನನಗೆ ನಾನು ಹೇಳಿಕೊಂಡು ಬದುಕಿದೆ. ಈಗ ನನಗೆ ಎಪ್ಪತ್ತನಾಲ್ಕು. ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನಾನು ನನ್ನ ಅವ್ವನನ್ನು ಎಂಟು ತಿಂಗಳು ಹೆದರಿಸಿ ಇಟ್ಟಿದ್ದೆ. ಅದಕ್ಕೆ ನನಗೆ ಬೇಕಾಗಿದ್ದು ಎರಡು ಪದ ಮಾತ್ರ.

ನಮ್ಮೂರು ಹಂಗಳ. ಮನೆಯ ಮುಂದೆ ಊಟಿಗೆ ಹೋಗುವ ದೊಡ್ಡ ರಸ್ತೆ, ಹಿಂದೆ ದನದ ಕೊಟ್ಟಿಗೆ, ಅದರಾಚೆ ಹೊಲ, ಹೊಲದಾಚೆ ಕಾಡು. ಕಾಡಂಚಿನವರಿಗೆ ಆನೆ ಎಂದರೆ ಏನೆಂದು ಬೇರೆಯವರಿಗೆ ಹೇಳುವುದು ಕಷ್ಟ. ನಮ್ಮ ಮನೆಯಲ್ಲಿ ಆನೆಯನ್ನು ಆನೆ ಎಂದು ಕರೆಯುತ್ತಲೇ ಇರಲಿಲ್ಲ. ಹೆಸರು ಹಿಡಿದರೆ ಅದಕ್ಕೆ ಕೇಳಿಸುತ್ತದೆ, ಕರೆದರು ಅಂತ ಬಂದುಬಿಡುತ್ತದೆ ಎಂದು ಅವ್ವ ನಂಬಿದ್ದಳು. ‘ದೊಡ್ಡಯ್ಯ’ ಎನ್ನುತ್ತಿದ್ದಳು. ಅವಳು ಮದುವೆಯಾಗಿ ಬಂದ ವರ್ಷವೇ ಪಕ್ಕದ ಹೊಲದ ಒಬ್ಬರನ್ನು ದೊಡ್ಡಯ್ಯ ತುಳಿದಿತ್ತಂತೆ. ಆ ಹೆಣವನ್ನು ಕಂಬಳಿಯಲ್ಲಿ ಕಟ್ಟಿ ತಂದದ್ದನ್ನು ಅವಳು ನೋಡಿದ್ದಳು. ಅದರ ಬಗ್ಗೆ ಅವಳು ಹೆಚ್ಚು ಮಾತಾಡಿದವಳಲ್ಲ. ಆದರೆ ಆ ಹೆಸರು ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಮರೆವು ಶುರುವಾಯಿತು. ಮೊದಲು ಉಪ್ಪು ಹಾಕಿದ್ದು ಮರೆಯುವಳು, ಆಮೇಲೆ ಮನುಷ್ಯರನ್ನು ಮರೆಯುವಳು. ನನ್ನನ್ನು ಮಾತ್ರ ಮರೆಯಲಿಲ್ಲ. ಮಧ್ಯಾಹ್ನ ಮೂರು ಗಂಟೆಯಾದರೆ ಬೇರೆ ಸೀರೆ ಉಟ್ಟು, ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುತ್ತಿದ್ದಳು.

“ಎಲ್ಲಿಗವ್ವ?” ಎಂದರೆ, “ಉಡಿಗಾಲಕ್ಕೆ ಕಣ ಮಗ. ನಮ್ಮವ್ವ ಕಾಯ್ತಾ ಇರ್ತಳೆ.”

ಉಡಿಗಾಲ ಅವಳ ತವರು. ಅವಳ ಅವ್ವ ಸತ್ತು ನಲವತ್ತು ವರ್ಷ ಆಗಿತ್ತು. ನನ್ನ ತಂಗಿಯನ್ನೂ ಅದೇ ಊರಿಗೆ ಕೊಟ್ಟಿದ್ದೆವು, ಹಾಗಾಗಿ ಉಡಿಗಾಲದ ದಾರಿ ಅವಳಿಗೆ ಮರೆತಿರಲಿಲ್ಲ. ಇಲ್ಲಿ ಬಸ್ಸು ಹತ್ತಿ ಗುಂಡ್ಲುಪೇಟೆಯಲ್ಲಿ ಇಳಿಯಬೇಕು, ಅಲ್ಲಿಂದ ಚಾಮರಾಜನಗರದ ಕಡೆಗೆ ಹೋಗುವ ಬಸ್ಸು ಹತ್ತಬೇಕು. ಒಂದು ಸಲ ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ದಿಕ್ಕು ತೋಚದೆ ನಿಂತಿದ್ದವಳನ್ನು ನಮ್ಮ ಕಡೆಯ ಕಂಡಕ್ಟರ್ ಒಬ್ಬ ಗುರುತು ಹಿಡಿದು ತಂದು ಬಿಟ್ಟ. ಇನ್ನೊಂದು ಸಲ ಊಟಿಗೆ ಹೋಗುವ ಕಾರೊಂದು ಅವಳ ಮಂಡಿಗೆ ಒಂದು ಗೇಣು ಉಳಿದಿರುವಾಗ ನಿಂತಿತು. ಕಾರಿನವನು ಇಳಿದು ನನ್ನನ್ನು ಬೈದ, “ವಯಸ್ಸಾದವರನ್ನು ಹೀಗಾ ಬಿಡೋದು?” ಅಂತ. ಅವನು ಬೈದದ್ದರಲ್ಲಿ ತಪ್ಪಿರಲಿಲ್ಲ. ಅವಳನ್ನು ತಡೆಯಲು ನನಗಿದ್ದ ಕಾರಣ ಸುಳ್ಳಲ್ಲ. ಆದರೆ ಆ ಕಾರಣವನ್ನು ಇಟ್ಟುಕೊಂಡು ನಾನು ಮಾಡಿದ್ದೇ ಬೇರೆ.

ಬೀಗ ಹಾಕೋಣ ಎಂದು ಯೋಚಿಸಿದೆ. ಅವ್ವನನ್ನು ಕೂಡಿ ಹಾಕಿದ್ದಾನೆ ಎಂದು ಊರು ಆಡಿಕೊಳ್ಳುತ್ತದೆ ಅನ್ನಿಸಿ ಬಿಟ್ಟೆ. ಅವಳ ಜೊತೆ ರಸ್ತೆಯ ತನಕ ಹೋಗಿ ಕೂತು, ಮತ್ತೆ ಕರೆದುಕೊಂಡು ಬರಲು ಹೊಲದ ಕೆಲಸ ಬಿಡಬೇಕಿತ್ತು. ಚೆಂಡು ಹೂವು ಬಿಡಿಸುವ ಕಾಲ, ಒಂದು ದಿನ ತಪ್ಪಿದರೆ ಹೂವು ಬಾಡುತ್ತದೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಎರಡು ಹೊಲದಾಚೆ ಬೇಲಿ ಮುರಿದು ಬಿದ್ದಿತ್ತು, ಲದ್ದಿ ಇತ್ತು. ನಿಜವಾಗಿ ಆನೆ ಬಂದು ಹೋಗಿತ್ತು. ಅಂದು ಮಧ್ಯಾಹ್ನ ಅವ್ವ ಹೊರಟಾಗ, “ಓಗ್ಬ್ಯಾಡ ಕಣವ್ವ, ದೊಡ್ಡಯ್ಯ ಬಂದವ್ನೆ” ಎಂದೆ.

ಅವಳು ನಿಂತಳು. ತಿರುಗಿ ಒಳಗೆ ಹೋದಳು. ಚೀಲವನ್ನು ಗೂಟಕ್ಕೆ ಸಿಕ್ಕಿಸಿ ಚಾಪೆಯ ಮೇಲೆ ಕೂತಳು. ಅಷ್ಟೇ. ಮರುದಿನ ಆನೆ ಇರಲಿಲ್ಲ. ನಾನು ಅದೇ ಮಾತು ಹೇಳಿದೆ.

ಒಂದು ತಿಂಗಳು ಹೀಗೆ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಅವಳಿಗೆ ಅನುಮಾನ ಬಂತು. ಹೊಸಲಿನ ಮೇಲೆ ನಿಂತು ಕಾಡಿನ ಕಡೆಗೆ ಕಿವಿ ಕೊಟ್ಟು, “ಎಲ್ಲವ್ನಪ್ಪ? ಕೊಂಬೆ ಮುರಿಯೋ ಸದ್ದೇ ಇಲ್ವಲ್ಲ” ಎಂದು ಮೆಟ್ಟಿಲು ಇಳಿದಳು.

ಬೆಳೆ ಕಾಯಲು ನಮ್ಮಲ್ಲಿ ಪಟಾಕಿ ಇಟ್ಟಿರುತ್ತೇವೆ, ಬಡಿಯಲು ಹಳೆಯ ಎಣ್ಣೆ ಡಬ್ಬ ಇರುತ್ತದೆ. ನಾನು ಕೊಟ್ಟಿಗೆಯ ಹಿಂದೆ ಹೋದೆ. ಡಬ್ಬ ಬಡಿದೆ. ‘ಹೋ ಹೋ’ ಎಂದು ಕೂಗಿದೆ. ಒಂದು ಪಟಾಕಿಗೆ ಬೆಂಕಿ ಇಟ್ಟೆ. ಹಾಡುಹಗಲು, ಬಿಸಿಲು ಹೊಳೆಯುತ್ತಿತ್ತು, ಕೊಟ್ಟಿಗೆಯ ಹಸು ನನ್ನನ್ನೇ ನೋಡುತ್ತಿತ್ತು.

ಒಳಗೆ ಬಂದಾಗ ಅವ್ವ ರಾಗಿ ಮೂಟೆಗಳ ಸಂದಿಯಲ್ಲಿ ಕೂತಿದ್ದಳು. ಬೆನ್ನು ಬಾಗಿ ಕೋಲು ಹಿಡಿದು ನಡೆಯುವವಳು ಅಷ್ಟು ಬೇಗ ಅಲ್ಲಿಗೆ ಹೇಗೆ ಓಡಿದಳೋ. ಎರಡೂ ಕಿವಿ ಮುಚ್ಚಿಕೊಂಡಿದ್ದಳು, ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ಅವಳ ಕೆಳಗೆ ನೆಲ ಒದ್ದೆಯಾಗಿ ಮೂಟೆಯ ತನಕ ಹರಿದಿತ್ತು. ನಾನು ಗಾಬರಿಯಾದೆ. ಆ ಗಾಬರಿ ಒಂದು ಗಳಿಗೆ ಇತ್ತು. ಆಮೇಲೆ, ಇನ್ನು ಇವಳು ರಸ್ತೆಗೆ ಹೋಗುವುದಿಲ್ಲ ಎಂದು ಸಮಾಧಾನವಾಯಿತು. ಇದನ್ನೂ ಬರೆಯುತ್ತೇನೆ: ಅಂದು ನಾನು ನಕ್ಕೆ.

ನನ್ನ ಹೆಂಡತಿ ಈಗ ಇಲ್ಲ. ಅವಳ ಪಾಲು ಇದರಲ್ಲಿ ಎಷ್ಟಿತ್ತು ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನನ್ನ ಪಾಲು ಹಗುರವಾಗುತ್ತದೆ.

ಟೀ ಅಂಗಡಿಯಲ್ಲಿ ನನ್ನ ವಾರಿಗೆಯವನೊಬ್ಬ ಕೇಳಿದ, “ಏನ್ಲಾ, ನಿಮ್ಮವ್ವ ಈಚೆಗೆ ಬಸ್ಸಿನ್ ತಾವ ಕಾಣ್ಸೋದೇ ಇಲ್ಲ. ಏನ್ ಮಂತ್ರ ಹಾಕ್ದೆ?”

“ಮಂತ್ರ ಅಲ್ಲ ಕಣ್ಲಾ, ತಂತ್ರ” ಎಂದೆ. ಅಲ್ಲಿದ್ದವರೆಲ್ಲ ನಕ್ಕರು. ಇನ್ನೊಬ್ಬ, “ನಮ್ ಮನೆ ಮುದುಕುಂಗೂ ಒಸಿ ಹೇಳ್ಕೊಡು” ಎಂದ. ನಾನು ಹೇಳಿಕೊಟ್ಟೆನೋ ಇಲ್ಲವೋ ನೆನಪಿಲ್ಲ. ನೆನಪಿಲ್ಲದಿರುವುದೇ ನನಗೆ ಈಗ ಭಯ.

ಆಮೇಲೆ ಪಟಾಕಿ ಬೇಕಾಗಲಿಲ್ಲ. ಮಾತು ಸಾಕಾಗುತ್ತಿತ್ತು. ಸ್ವಲ್ಪ ದಿನ ಕಳೆದರೆ ಮಾತೂ ಬೇಡವಾಯಿತು. ಅವಳು ಒಳಗಿನ ಕೋಣೆ ಬಿಟ್ಟು ಬರಲಿಲ್ಲ. ಬಚ್ಚಲು, ಪಾಯಿಖಾನೆ ಎರಡೂ ಹಿತ್ತಲಲ್ಲಿ. ಹಿತ್ತಲಿಗೆ ಹೋಗಲು ಹೆದರಿ ಕೂತಲ್ಲೇ ಮಾಡಿಕೊಳ್ಳುತ್ತಿದ್ದಳು. ನಾವು ಬೈದೆವು. ಬೈದರೆ ಇನ್ನೂ ಹೆಚ್ಚಾಯಿತು. ಆಗ ನನಗೆ ಒಂದು ಉಪಾಯ ಹೊಳೆಯಿತು. ನೀರು ಕಡಿಮೆ ಕುಡಿದರೆ ಒದ್ದೆಯೂ ಕಡಿಮೆ ಅಲ್ಲವೇ? ಅವಳ ಮಗ್ಗುಲಲ್ಲಿ ಸದಾ ಇರುತ್ತಿದ್ದ ನೀರಿನ ಚೊಂಬನ್ನು ತೆಗೆದು ಅವಳ ಕೈಗೆ ಸಿಗದ ಗೂಡಿನಲ್ಲಿ ಇಟ್ಟೆ. ಅವಳ ತುಟಿ ಒಡೆದವು. ಬೇಸಿಗೆಗೆ ಹೀಗಾಗುತ್ತದೆ ಎಂದುಕೊಂಡೆ.

ಒಂದು ದಿನ ಚಾಪೆ ಎತ್ತಿದಾಗ ಅಡಿಯಲ್ಲಿ ಮುದ್ದೆಯ ಚೂರುಗಳು ಸಿಕ್ಕವು. ಒಣಗಿ ಕಲ್ಲಾಗಿದ್ದವು, ಕೆಲವು ಬೂಸಲು ಹಿಡಿದಿದ್ದವು. ನನಗೆ ಸಿಟ್ಟು ಬಂತು. “ಉಣ್ಣಾಕ್ ಇಕ್ಕುದ್ರೆ ಬಚ್ಚಿಟ್ಕತಿಯಲ್ಲ, ಊರೋರು ನೋಡುದ್ರೆ ಏನಂದಾರು?” ಎಂದು ಜೋರು ಮಾಡಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಎರಡೂ ಕೈ ಜೋಡಿಸಿದಳು. ಹೆತ್ತವಳು ಮಗನಿಗೆ ಕೈ ಮುಗಿದಳು. ನಾನು ಆ ಚೂರುಗಳನ್ನು ಗುಡಿಸಿ ಕೊಟ್ಟಿಗೆಗೆ ಎಸೆದೆ.

ಮನೆ ಮನೆಗೆ ಬಂದು ಬಿ.ಪಿ., ಶುಗರ್ ನೋಡುವ ಹೆಣ್ಣುಮಗಳು ಒಬ್ಬಳಿದ್ದಳು. ನಾವು ನರ್ಸಮ್ಮ ಎನ್ನುತ್ತಿದ್ದೆವು. ಅವಳು ಒಂದು ಬೆಳಿಗ್ಗೆ ಬಂದು ಅವ್ವನ ತೋಳಿಗೆ ಪಟ್ಟಿ ಕಟ್ಟಿದಳು. ತೋಳು ಸುತ್ತಿ ಪಟ್ಟಿ ಇನ್ನೂ ಉಳಿಯಿತು. ಬಾಯಿ ತೆರೆಸಿ ನಾಲಿಗೆ ನೋಡಿದಳು. ಕೂತಲ್ಲೇ ಕೂತು ಸೊಂಟದ ಕೆಳಗೆ ಆಗಿದ್ದ ಹುಣ್ಣು ನೋಡಿದಳು. “ಚೆನ್ನಾಗಿದ್ದೀರಾ ಅಜ್ಜಿ?” ಎಂದು ಕೇಳಿದಳು. ಅವ್ವ ಉತ್ತರ ಹೇಳುವ ಮೊದಲು ನನ್ನ ಕಡೆ ನೋಡಿದಳು. ನರ್ಸಮ್ಮನೂ ನನ್ನ ಕಡೆ ನೋಡಿದಳು. ನನಗೆ ಭಯ ಶುರುವಾದದ್ದು ಆಗ.

“ಯಜಮಾನ್ರೇ, ಒಸಿ ಬಿಸಿನೀರು ಕಾಯಿಸ್ಕಂಡ್ ಬನ್ನಿ” ಎಂದಳು.

ಬಿಸಿನೀರು ಅವಳಿಗೆ ಬೇಕಿರಲಿಲ್ಲ. ನಾನು ಹೊರಗೆ ಹೋಗಬೇಕಿತ್ತು. ಅದು ನನಗೂ ಗೊತ್ತಾಯಿತು. ಒಲೆಯ ಮೇಲೆ ಪಾತ್ರೆ ಇಟ್ಟು ಬಾಗಿಲ ಮರೆಗೆ ಬಂದು ನಿಂತೆ. ಅವ್ವ ಏನು ಹೇಳಿಬಿಡುತ್ತಾಳೋ, ಇವಳು ಎಲ್ಲಿಗೆ ದೂರು ಕೊಡುತ್ತಾಳೋ, ಪೊಲೀಸರು ಮನೆಯ ಮುಂದೆ ಬಂದು ನಿಂತರೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಎಂದು ಲೆಕ್ಕ ಹಾಕುತ್ತಿದ್ದೆ. ಆ ಹೊತ್ತಿನಲ್ಲೂ ನನ್ನ ಭಯ ನನ್ನ ಬಗ್ಗೆಯೇ ಇತ್ತು.

“ಯಾಕಜ್ಜಿ ಸರಿಯಾಗಿ ಉಣ್ಣಲ್ಲ? ಕೊಡಲ್ವಾ?”

“ಕೊಡ್ತರೆ ಕಣವ್ವ. ನಾನೇ ಅರ್ಧ ದೊಡ್ಡಯ್ಯಂಗೆ ಮಡುಗ್ತೀನಿ.”

“ಅದ್ಯಾರಜ್ಜಿ ದೊಡ್ಡಯ್ಯ?”

ಅವ್ವ ದನಿ ತಗ್ಗಿಸಿದಳು. “ಹಿತ್ಲಲ್ಲಿ ಅವ್ನೆ. ದಿನಾ ಬತ್ತನೆ. ಹಸ್ಕಂಡಿರ್ತನೆ. ನನ್ ಮಗ ಹೊಲಕ್ ಹೋಗದು ಬರದು ಅವನ್ ಮುಂದ್ಲೇ ಅಲ್ವಾ. ಅವನ್ ಹೊಟ್ಟೆ ತುಂಬುದ್ರೆ ನನ್ ಮಗನ್ನ ಮುಟ್ಟಲ್ಲ.”

ಎಂಟು ತಿಂಗಳು ಅವಳು ತನ್ನ ಜೀವಕ್ಕೆ ಹೆದರಿ ಕೂತಿದ್ದಾಳೆ ಎಂದುಕೊಂಡಿದ್ದೆ. ಪ್ರತಿದಿನ ನಾನು ಹಿತ್ತಲ ಬಾಗಿಲು ದಾಟಿ ಹೋದಾಗಿನಿಂದ ಬರುವ ತನಕ ಅವಳು ಆ ಕಂಬಳಿಯಲ್ಲಿ ಕಟ್ಟಿದ ಹೆಣವನ್ನೇ ನೋಡುತ್ತಾ ಕೂತಿರುತ್ತಿದ್ದಳು. ಅದರಲ್ಲಿ ನನ್ನ ಮುಖ ಇರುತ್ತಿತ್ತು.

ನರ್ಸಮ್ಮ ಹೊರಗೆ ಬಂದು ಕೂಗಾಡಲಿಲ್ಲ. “ನಾನು ಜಗಳ ಮಾಡಾಕ್ ಬಂದಿಲ್ಲ ಯಜಮಾನ್ರೇ. ಮೊದ್ಲು ಆ ಚೊಂಬು ಕೆಳಗಿಳ್ಸಿ, ಅವ್ರ ಪಕ್ಕ ಮಡಗಿ. ಹುಣ್ಣಿಗೆ ಔಷಧಿ ಕೊಡ್ತೀನಿ. ನಿಮ್ ಕೈಲಿ ನೋಡ್ಕಳಕ್ ಆಯ್ತಿಲ್ಲ ಅಂದ್ರೆ ಆಗಲ್ಲ ಅಂತ ಹೇಳಿ, ಅದು ತಪ್ಪಲ್ಲ. ಆದ್ರೆ ನಾಳಿದ್ದು ಬತ್ತೀನಿ. ಹಿಂಗೇ ಇದ್ರೆ ಮೇಲಿನೋರ್ಗೆ ಹೇಳ್ದೆ ಇರಕ್ಕಾಗಲ್ಲ” ಎಂದಳು. ಆಗಲ್ಲ ಎನ್ನಬಹುದು ಎಂದು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಅವಳು ಹೋದ ಮೇಲೆ ನಾನು ಅವ್ವನ ಮುಂದೆ ಕೂತೆ. “ಅವ್ವ, ದೊಡ್ಡಯ್ಯ ಬಂದಿಲ್ಲ. ನಮ್ ಹಿತ್ಲಿಗೆ ಯಾವತ್ತೂ ಬಂದಿರ್ನಿಲ್ಲ. ನಾನೇ ಸುಳ್ಳು ಹೇಳ್ದೆ. ಪಟಾಕಿ ಹೊಡ್ದೋನೂ ನಾನೇ” ಎಂದೆ.

ಅವಳು ತಟ್ಟನೆ ನನ್ನ ಬಾಯಿ ಮುಚ್ಚಿದಳು. ಆ ಕೈಯಲ್ಲಿ ಮೂಳೆ ಮಾತ್ರ ಇತ್ತು.

“ಮೆಲ್ಲುಗ್ ಮಾತಾಡು ಮಗ. ಕೇಳುಸ್ಕತನೆ.”

ಮರುದಿನ ಮತ್ತೆ ಹೇಳಿದೆ. ಹಿತ್ತಲ ಬಾಗಿಲು ತೆರೆದು ತೋರಿಸಿದೆ. ಅವಳು ನನ್ನ ಪಂಚೆಯ ಅಂಚು ಹಿಡಿದು ಒಳಗೆ ಎಳೆದಳು. ಹಾಕಿದ ಭಯವನ್ನು ತೆಗೆಯಲು ನನ್ನ ಬಾಯಿಗೆ ಬರಲಿಲ್ಲ. ಹಾಕಿದ ಬಾಯಿಯೇ ಅದು.

ತಂಗಿಗೆ ಫೋನ್ ಮಾಡಿದೆ. ಪೂರ್ತಿ ಹೇಳದೆ, ಅವ್ವನಿಗೆ ಹುಷಾರಿಲ್ಲ ಎಂದೆ. ಅವಳು ಉಡಿಗಾಲದಿಂದ ಬಂದು, ಅವ್ವನನ್ನು ನೋಡಿ, ನನ್ನನ್ನು ಜಗಲಿಗೆ ಕರೆದು ಕೂರಿಸಿ ಎಲ್ಲವನ್ನೂ ಹೊರಡಿಸಿದಳು.

“ಅಣ್ಣಯ್ಯ, ನೀನು ಎಸ್ಸೆಸ್ಸೆಲ್ಸಿ ಓದ್ದೋನು. ನಾನು ಮೂರ್ನೇ ಕ್ಲಾಸು. ಅಷ್ಟ್ ಓದ್ದೋನ್ಗೆ ಹೊಳ್ದದ್ದು ಇಷ್ಟೇಯಾ?”

“ರಸ್ತೇಲಿ ಕಾರಿಗ್ ಸಿಕ್ಕಂಡ್ರೆ ಅಂತ...”

“ಜೊತೇಲಿ ಹೋಗಿ ಬಸ್ಸಿನ್ ತಾವ ಒಂದ್ ಗಳಿಗೆ ಕುಂತ್ಕಂಡ್ ಬಂದಿದ್ರೆ ನಿನ್ ಗಂಟೇನ್ ಹೋಗದು? ಅವ್ವ ಐದು ನಿಮಿಷಕ್ಕೆ ಮರೀತಿದ್ಲು. ಕಷ್ಟ ಅಂದಿದ್ರೆ ನಾನ್ ಬತ್ತಿರ್ನಿಲ್ವಾ? ನಾನೇನ್ ಸತ್ತಿದ್ನಾ?”

ಅವ್ವನನ್ನು ಹೊರಗೆ ತರುವುದು ಹೇಗೆ? ‘ದೊಡ್ಡಯ್ಯ ಕಾಡಿಗೆ ಹೋದ ಅಂತ ಹೇಳೋಣ, ನೀನು ಹೇಳಿದರೆ ನಂಬುತ್ತಾಳೆ’ ಎಂದೆ. ತಂಗಿ ಒಪ್ಪಲಿಲ್ಲ. “ಇನ್ನೊಂದ್ ಸುಳ್ಳು ಬ್ಯಾಡ” ಎಂದಳು. ಅವಳು ಅವ್ವನ ಪಕ್ಕದಲ್ಲೇ ಚಾಪೆ ಹಾಸಿಕೊಂಡಳು. ಮೊದಲ ದಿನ ಕೋಣೆಯ ಬಾಗಿಲು ತೆರೆದಿಟ್ಟಳು, ಅಷ್ಟೇ. ಎರಡನೇ ದಿನ ಎರಡೂ ಚಾಪೆಗಳನ್ನು ಒಂದು ಮೊಳ ಬಾಗಿಲ ಕಡೆಗೆ ಎಳೆದಳು. ಮೂರನೇ ದಿನ ಇನ್ನೊಂದು ಮೊಳ. ಉಣ್ಣುವುದು, ತಲೆ ಬಾಚುವುದು, ಹಳೇ ಮಾತು ಎಲ್ಲ ಆ ಚಾಪೆಯ ಮೇಲೆ. ನನ್ನನ್ನು ಆ ಕೋಣೆಗೆ ಬಿಡಲಿಲ್ಲ. ನರ್ಸಮ್ಮ ಮಾತಿನಂತೆ ಬಂದು ನೋಡಿ, ಔಷಧಿ ಹಚ್ಚಿ ಹೋದಳು. ಒಂಬತ್ತನೇ ದಿನ ಚಾಪೆ ಜಗಲಿಗೆ ಬಂತು. ಅವ್ವ ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು ಬಿಸಿಲು ನೋಡಿದಳು. ಹತ್ತನೇ ದಿನ ತಂಗಿ ಅವಳನ್ನು ಉಡಿಗಾಲಕ್ಕೆ ಕರೆದುಕೊಂಡು ಹೋದಳು.

ಅಲ್ಲಿ ಅವಳು ಚೇತರಿಸಿಕೊಂಡಳು. ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುವಳಂತೆ. ಮಧ್ಯಾಹ್ನವಾದರೆ, “ಹಂಗಳಕ್ಕೆ ಓಯ್ತೀನಿ, ನನ್ ಮಗ ಒಬ್ನೇ ಅವ್ನೆ” ಎಂದು ಹೊರಡುವಳಂತೆ. ತಂಗಿ ಜೊತೆಯಲ್ಲಿ ಹೋಗಿ ಬಸ್ಸು ನಿಲ್ಲುವ ಕಡೆ ಕೂತು, ಅವಳಿಗೆ ಮರೆತ ಮೇಲೆ ಕರೆತರುವಳಂತೆ. ನಾನು ಒಂದು ಭಾನುವಾರ ಬಾಳೆಹಣ್ಣು ಹಿಡಿದು ನೋಡಲು ಹೋದೆ. ಅಂಗಳದಲ್ಲಿದ್ದವಳು ನನ್ನನ್ನು ಕಂಡ ಕೂಡಲೇ ಮೊರ ಬಿಟ್ಟು ಎದ್ದಳು. ನನ್ನ ಮಣಿಕಟ್ಟು ಹಿಡಿದು ಒಳಗೆ ಎಳೆದುಕೊಂಡು ಹೋಗಿ ಅಗುಳಿ ಹಾಕಿದಳು. ಸಂಜೆಯ ತನಕ ಹೊರಗೆ ಬರಲಿಲ್ಲ, ನನ್ನನ್ನೂ ಬಿಡಲಿಲ್ಲ. ಮತ್ತೆ ಸೀರೆ ಒದ್ದೆಯಾಯಿತು.

“ಬ್ಯಾಸರ ಮಾಡ್ಕಬ್ಯಾಡ ಅಣ್ಣಯ್ಯ” ಎಂದಳು ತಂಗಿ. “ನೀನ್ ಬಂದ್ ಹೋದ್ರೆ ನಾಕ್ ದಿನ ಒಳಗೇ ಕುಂತ್ಕತಳೆ.”

ಆಮೇಲೆ ನಾನು ಉಡಿಗಾಲಕ್ಕೆ ಹೋದಾಗಲೆಲ್ಲ ಬೀದಿಯ ತಿರುವಿನಲ್ಲಿ, ಒಂದು ಅರಳಿಕಟ್ಟೆಯ ಮರೆಯಲ್ಲಿ ನಿಂತು ನೋಡಿ ವಾಪಸ್ಸು ಬಂದೆ. ಒಂದೂವರೆ ವರ್ಷ ಹಾಗೆಯೇ. ಅವಳು ಕಣ್ಣು ಮುಚ್ಚಿದ್ದು ಅಲ್ಲೇ.

ಈಗ ನಾನು ಚಾಮರಾಜನಗರದಲ್ಲಿ ಮಗ, ಸೊಸೆಯ ಜೊತೆ ಇದ್ದೇನೆ. ಮಗನಿಗೆ ಆಫೀಸಿನ ಕೆಲಸ. ಇಬ್ಬರೂ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಎರಡು ತಿಂಗಳ ಹಿಂದೆ ಸಂಜೆ ತಿರುಗಾಡಲು ಹೊರಟಾಗ ಸೊಸೆ, “ಮಾವ, ಆಚೆ ಹೋಗ್ಬೇಡಿ, ಮೂಲೇಲಿ ನಾಯಿಗಳು ಸೇರ್ಕೊಂಡಿವೆ, ಕಚ್ತವೆ” ಎಂದಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮರುದಿನವೂ ಅದೇ ಮಾತು ಹೇಳಿದಳು. ಅದರ ಮರುದಿನ ನಾನೇ ಹೊರಡಲಿಲ್ಲ. ಕಿಟಕಿಯಲ್ಲಿ ಕೂತು ಬೊಗಳುವ ಸದ್ದಿಗೆ ಕಿವಿ ಕೊಟ್ಟೆ. ಒಂದು ಸದ್ದೂ ಕೇಳಲಿಲ್ಲ. ನನ್ನ ಕಿವಿ ಮಂದವೋ, ನಾಯಿ ಇಲ್ಲವೋ ಗೊತ್ತಾಗಲಿಲ್ಲ. ನನಗೂ ಹೆಸರುಗಳು ಮರೆಯುತ್ತಿವೆ. ಆ ಹುಡುಗಿಯ ಮೇಲೆ ಅನುಮಾನ ಪಡುವುದಕ್ಕೆ ನಾಚಿಕೆಯಾಗುತ್ತಿತ್ತು. ಅನುಮಾನ ಮಾತ್ರ ಬಿಡಲಿಲ್ಲ.

ಹದಿನೈದು ದಿನ ಹೀಗೆ ಕಳೆದ ಮೇಲೆ ಮಗನನ್ನು ಕೂರಿಸಿಕೊಂಡು ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಕೊನೆಗೆ, “ನನಗೆ ಆಚೆ ಹೋಗ್ಬ್ಯಾಡ ಅನ್ನಬೇಕಾದ್ರೆ ಹೋಗ್ಬ್ಯಾಡ ಅನ್ನು ಕಣಪ್ಪ. ನಿಮ್ ಕೈಲಿ ಆಗ್ದೆ ಇದ್ರೆ ಆಗಲ್ಲ ಅನ್ನು. ಹೆದರಿಸಿ ಮಾತ್ರ ಕೂರಿಸ್ಬ್ಯಾಡ” ಎಂದೆ.

ಮಗ ತಲೆ ತಗ್ಗಿಸಿ ಕೂತಿದ್ದ. “ನಾನೂ ಹೇಳಿವ್ನಿ ಕಣಪ್ಪ” ಎಂದ. “ಭಾನುವಾರ ಊರಿಗೆ ಬಂದಾಗ ಅಜ್ಜಿ ಆಚೆ ಹೊರಟ್ರೆ ನಾನೂ ಅಂಗೇ ಅಂತಿದ್ದೆ. ನೀನ್ ಅಂತಿದ್ದೆ, ಅದ್ಕೆ.”

ನನಗೆ ಅದು ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಕಲಿಸಬೇಕಾಗಿಲ್ಲ, ನೋಡಿದರೆ ಬಂದುಬಿಡುತ್ತದೆ. ನನ್ನ ಭಯ ಅದನ್ನು ಕೇಳಿ ಕಡಿಮೆಯಾಗಲಿಲ್ಲ. ಆದರೆ ಅವನು ಮುಚ್ಚಿಡಲಿಲ್ಲವಲ್ಲ ಎಂದು ಅವನ ಕೈ ಹಿಡಿದುಕೊಂಡೆ.

“ನಾಳೆ ಬೇಗ ಬತ್ತೀನಿ. ಇಬ್ರೂ ಹೋಗಿ ನೋಡನ” ಎಂದ.

ಮರುದಿನ ಸಂಜೆ ಬೆಳಕಿರುವಾಗಲೇ ಹೋದೆವು. ಮೂಲೆಯಲ್ಲಿ ಮುಚ್ಚಿದ ಅಂಗಡಿಯ ಮುಂದೆ ನಾಲ್ಕು ನಾಯಿಗಳು ಮಲಗಿದ್ದವು. ಒಂದು ಎದ್ದು, ಹಲ್ಲು ತೋರಿಸಿ ಗುರ್ ಎಂದಿತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಮಗ ನನ್ನ ಮೊಣಕೈ ಹಿಡಿದು ನಿಂತ, ಮನೆಗೆ ನಡಿ ಎನ್ನಲಿಲ್ಲ.

“ಏನ್ ಮಾಡನಪ್ಪ?” ಎಂದು ಕೇಳಿದ.

“ಈ ಬೀದಿ ಬ್ಯಾಡ. ಆ ಕಡೆಯಿಂದ ಹೋಗನ” ಎಂದೆ.